ತಿರುಗುಮುರುಗಾದ ತಲೆಕಟ್ಟು

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಶಾಲೆಯ ಮನೆಯವರೆಲ್ಲ ಸೇರಿ ಒಂದು ಅಕ್ಷರದ ಕೌದಿ ಮಾಡೋಣ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಒಂದು ಮನೆಗೆ ಒಂದು ಅಕ್ಷರ, 12 ಇಂಚಿನ ಚೌಕ. ಬಣ್ಣದಲ್ಲಿ ಬರೆಯಬಹುದು, ಕಸೂತಿ ಹಾಕಬಹುದು, ಬಟ್ಟೆ ಕತ್ತರಿಸಿ ಅಂಟಿಸಬಹುದು. ನಮ್ಮ ಪಾಲಿಗೆ 'ಕ' ಬಂತು. ಉಳಿದವರೆಲ್ಲ ಸುಲಭದ ದಾರಿ ಹಿಡಿದರು. ನಾನು ಮಾತ್ರ "ಪೇಪರ್ ಪೀಸಿಂಗ್ ಮಾಡ್ತೀನಿ" ಅಂದೆ. ಎರಡು ಚಳಿಗಾಲದಿಂದ ಇಲ್ಲಿ ಮಿಶಿಗನ್‌ನಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರ ಹತ್ತಿರ ಅದನ್ನು ಕಲಿಯುತ್ತಿದ್ದೇನಲ್ಲ, ಆ ಜಂಬ.

ಮಕ್ಕಳೇ, ಪೇಪರ್ ಪೀಸಿಂಗ್ ಅಂದರೆ ಕಾಗದದ ಮೇಲೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವುದು. ಕಾಗದದ ಮೇಲೆ ಚಿತ್ರದ ಗೆರೆಗಳಿರುತ್ತವೆ. ಪ್ರತಿ ಭಾಗಕ್ಕೂ 1, 2, 3 ಎಂದು ಸಂಖ್ಯೆ. ಬಟ್ಟೆ ಇಡುವುದು ಕಾಗದದ ಹಿಂಬದಿಗೆ, ಹೊಲಿಯುವುದು ಗೆರೆ ಕಾಣುವ ಮುಂಬದಿಯಿಂದ. ಒಂದನೆಯ ತುಂಡಿನ ಮೇಲೆ ಎರಡನೆಯದನ್ನು ಮುಖಕ್ಕೆ ಮುಖ ತಾಗುವಂತೆ ಬೋರಲು ಹಾಕಿ, ಕಾಗದ ತಿರುಗಿಸಿ, ಗೆರೆಯ ಮೇಲೆ ಹೊಲಿಗೆ ಓಡಿಸಬೇಕು. ಕಾಲಿಂಚು ಅಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ, ಎರಡನೆಯ ತುಂಡನ್ನು ಮಗುಚಿ ಇಸ್ತ್ರಿ ಮಾಡಬೇಕು. ಆಮೇಲೆ ಮೂರನೆಯದು. ಎಲ್ಲ ಮುಗಿದ ಮೇಲೆ ಹಿಂದಿನ ಕಾಗದವನ್ನು ಹರಿದು ತೆಗೆಯುವುದು. ಸುಲಭವಾಗಿ ಹರಿಯಲಿ ಎಂದೇ ಹೊಲಿಗೆಯನ್ನು ಒಂದೂವರೆ ಮಿಲಿಮೀಟರಿನಷ್ಟು ಸಣ್ಣದಾಗಿ ಇಟ್ಟುಕೊಳ್ಳುತ್ತೇವೆ. ಕಾಗದದಲ್ಲಿ ಒತ್ತೊತ್ತಾಗಿ ತೂತು ಬೀಳುತ್ತದೆ.

ಇದನ್ನೆಲ್ಲ ಬಾಗಲಕೋಟೆಯಲ್ಲಿರುವ ನಮ್ಮವ್ವನಿಗೆ ಫೋನಿನಲ್ಲಿ ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಲ್ಲವಾ, ಹರಿಯೂ ಕಾಗದಾನ ಯಾಕ ಹೊಲೀತಿ?"

ಅವ್ವ ಕೌದಿ ಹೊಲಿದವಳು. ಹಳೇ ಸೀರೆ, ಧೋತರ, ಹರಿದ ಅಂಗಿ, ಎಲ್ಲ ಹಾಸಿ, ಪದರದ ಮೇಲೆ ಪದರ ಇಟ್ಟು, ಕೈಯಲ್ಲಿ ಓಡುಹೊಲಿಗೆ ಹಾಕುತ್ತ ಹೋಗುತ್ತಿದ್ದಳು. ಅಳತೆಪಟ್ಟಿ ಇರಲಿಲ್ಲ, ಕಾಗದ ಇರಲಿಲ್ಲ. ಬಟ್ಟೆ ಸಾಲದ ಕಡೆ ಇನ್ನೊಂದು ತುಂಡು ಬೀಳುತ್ತಿತ್ತು, ಅಷ್ಟೆ. ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಹೋದ ವರ್ಷ ಊರಿಗೆ ಹೋದಾಗ ತನ್ನ ಹಳೇ ಇಳಕಲ್ ಸೀರೆಯೊಂದನ್ನು ಕೊಟ್ಟಿದ್ದಳು. ಉಟ್ಟು ಉಟ್ಟು ಒಡಲು ಅಲ್ಲಲ್ಲಿ ಜಾಳಾಗಿತ್ತು. ದಾಳಿಂಬೆ ಬಣ್ಣ ಮಾತ್ರ ಹಾಗೇ ಇತ್ತು. ಗಟ್ಟಿ ಉಳಿದ ಭಾಗವನ್ನು ಕತ್ತರಿಸಿ ತಂದಿದ್ದೆ. 'ಕ' ಅದರಲ್ಲೇ ಆಗಬೇಕು ಎಂದುಕೊಂಡೆ.

ಮೊದಲ ತೊಡಕು ಅಲ್ಲೇ ಎದುರಾಯಿತು. ಈ ಹೊಲಿಗೆಗೆ ನೇರ ಗೆರೆ ಬೇಕು. ನಮ್ಮ ಅಕ್ಷರಗಳೋ, ಎಲ್ಲಿ ನೋಡಿದರೂ ಗುಂಡಗೆ. ಇಂಗ್ಲಿಷಿನ ದೊಡ್ಡ 'ಎ', 'ಎಚ್' ಆಗಿದ್ದರೆ ಅರ್ಧ ದಿನದ ಕೆಲಸ. ನಾನೂ ಒಂಬತ್ತು ವರ್ಷದ ಮಗಳೂ ಚೌಕುಳಿ ಹಾಳೆ ಮುಂದಿಟ್ಟುಕೊಂಡು ಒಂದು ಶನಿವಾರವೆಲ್ಲ ಕೂತೆವು. ಕೆಳಗಿನ ಗುಂಡನ್ನು ಎಂಟು ಮೂಲೆಯ ಆಕಾರ ಮಾಡಿದೆವು. ಮೂಲೆ ಕಡಿಮೆಯಾದರೆ 'ಕ' ಡಬ್ಬಿಯಂತೆ ಕಾಣುತ್ತಿತ್ತು, ಹೆಚ್ಚಾದರೆ ತುಂಡುಗಳು ಉಗುರಿನಷ್ಟು ಸಣ್ಣದಾಗುತ್ತಿದ್ದವು. ಕೊನೆಗೆ ತಲೆಕಟ್ಟು ಒಂದು ಭಾಗ, ನಡುವಿನ ಅಡ್ಡಗೆರೆ ಒಂದು ಭಾಗ, ಗುಂಡು ಎರಡು ಹೋಳು, ಒಟ್ಟು ನಾಲ್ಕು ಭಾಗಗಳಲ್ಲಿ 27 ತುಂಡು.

ಆಮೇಲಿನ ಎರಡು ವಾರ ಏನಾಯಿತು ಎಂದು ಮನೆಯವರನ್ನು ಕೇಳಬೇಕು. ಊಟದ ಮೇಜು ಹೊಲಿಗೆ ಯಂತ್ರದ ಪಾಲಾಯಿತು. ಅಳೆದು ಹೊಲಿದ ತುಂಡನ್ನು ಮಗುಚಿದರೆ ಒಂದು ಮೂಲೆಯಲ್ಲಿ ಕಾಗದ ಇಣುಕುತ್ತಿತ್ತು. ಓರೆಯಾದ ಗೆರೆಗೆ ಬಟ್ಟೆ ಯಾವ ಕಡೆಗೆ ಮಗುಚಿಕೊಳ್ಳುತ್ತದೆ ಎಂದು ಊಹಿಸುವುದೇ ಕಷ್ಟ. ಕತ್ತರಿಸಿದ ಬಟ್ಟೆ ಮತ್ತೆ ದೊಡ್ಡದಾಗುವುದಿಲ್ಲ. ಹೊಲಿಗೆ ಬಿಚ್ಚಲು ಹೋದರೆ ಅಷ್ಟು ಸಣ್ಣ ಹೊಲಿಗೆಗೆ ಬಿಚ್ಚುವ ಕಡ್ಡಿಯ ಮೊನೆಯೇ ತೂರುವುದಿಲ್ಲ. ಬಲ ಹಾಕಿದರೆ ಕಾಗದವೂ ಹರಿಯುತ್ತದೆ, ಹಳೇ ಸೀರೆಯೂ ಹರಿಯುತ್ತದೆ. ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟ ಉಪಾಯ ಇದು: ಬೇಕಾದ್ದಕ್ಕಿಂತ ಧಾರಾಳವಾಗಿ ಕತ್ತರಿಸು, ಹೊಲಿಯುವ ಮೊದಲು ಗುಂಡುಸೂಜಿ ಚುಚ್ಚಿ ಮಗುಚಿ ನೋಡು, ಕಿಟಕಿಯ ಬೆಳಕಿಗೆ ಹಿಡಿ. ಒಳ್ಳೆಯ ಉಪಾಯವೇ. ಆದರೆ ಧಾರಾಳವಾಗಿ ಕತ್ತರಿಸಲು ನನ್ನ ಹತ್ತಿರ ಸೀರೆ ಇರಲಿಲ್ಲ.

ಸುಖವೂ ಇತ್ತು, ಸುಳ್ಳು ಹೇಳಬಾರದು. ಮೂರು ತುಂಡು ಸೇರುವ ಮೂಲೆ ಸೂಜಿಮೊನೆಯಂತೆ ಚೂಪಾಗಿ ಬಂದಾಗ ಆಗುವ ಖುಷಿಗೆ ಬೇರೆ ಸಾಟಿಯಿಲ್ಲ. ಕೈಯಳತೆಯಲ್ಲಿ ಎಷ್ಟು ತಿಣುಕಿದರೂ ಬಾರದ್ದು ಕಾಗದದ ಗೆರೆ ಹಿಡಿದು ಹೋದರೆ ತಾನಾಗಿ ಬರುತ್ತದೆ. ಕಾಗದ ಹರಿಯುವ ಕೆಲಸವಂತೂ ಮಗಳದೇ. ಚರ್ ಚರ್ ಎಂದು ಹರಿದು ನೆಲದ ತುಂಬ ಚೂರು ಮಾಡುವುದಕ್ಕೆ ಅಮ್ಮನ ಅನುಮತಿ ಇನ್ಯಾವಾಗ ಸಿಗುತ್ತದೆ?

ನಾಲ್ಕೂ ಭಾಗ ಸೇರಿಸಿ, ಕಾಗದವೆಲ್ಲ ಹರಿದು, ಇಸ್ತ್ರಿ ಮಾಡಿ, ಗೋಡೆಗೆ ಹಿಡಿದೆ. ಕಣ್ಣು ತುಂಬಿ ಬಂತು. ಅವ್ವನ ಸೀರೆಯ 'ಕ'!

ಮಗಳು ತಲೆ ಓರೆ ಮಾಡಿ ನೋಡಿದಳು. "ಅಮ್ಮಾ, ತಲೆಕಟ್ಟು ಆ ಕಡೆಗೆ ತಾನೇ ಏರಬೇಕು?"

ನಾನು ನೋಡಿದೆ. ಬಲಗಡೆಗೆ ಏರಬೇಕಾದ ತಲೆಕಟ್ಟು ಎಡಗಡೆಗೆ ಏರಿತ್ತು. ಬಟ್ಟೆ ಇರುವುದು ಕಾಗದದ ಹಿಂದೆ, ಹಾಗಾಗಿ ಕಾಗದದ ಮೇಲೆ ಬರೆದದ್ದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತದೆ. ಸಿದ್ಧ ಮಾದರಿಗಳನ್ನು ಮೊದಲೇ ತಿರುಗಿಸಿ ಬರೆದಿರುತ್ತಾರೆ, ನಾನು ಅದರ ಬಗ್ಗೆ ಯೋಚಿಸಿದ್ದೇ ಇಲ್ಲ. 'ಕ'ದ ಅಡ್ಡಗೆರೆ, ಗುಂಡು ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಥರ. ಗುಟ್ಟು ರಟ್ಟು ಮಾಡಿದ್ದು ತಲೆಕಟ್ಟು ಮಾತ್ರ.

ಅದು ಅವಳಿಗೆ ಹೇಗೆ ತಟ್ಟನೆ ಕಂಡಿತು ಎಂಬುದು ನನಗೆ ಗೊತ್ತು. ಅವಳ ಕಾಪಿ ಪುಸ್ತಕದಲ್ಲಿ ತಲೆಕಟ್ಟು ತಪ್ಪಿದ ಅಕ್ಷರಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದವಳು ನಾನು. "ಇಷ್ಟು ವರ್ಷ ಆಯ್ತು, ಇನ್ನೂ ಗೊತ್ತಾಗಲ್ವಾ?" ಎನ್ನುತ್ತಿದ್ದವಳೂ ನಾನೇ. ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು, "ಕನ್ನಡ ಕ್ಲಾಸ್ ಬಿಟ್ಟುಬಿಡ್ಲಾ?" ಎಂದು ಮೆಲ್ಲಗೆ ಕೇಳಿದ್ದಳು. ನಾನು ಉತ್ತರ ಕೊಟ್ಟಿರಲಿಲ್ಲ.

ಈಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗದರುತ್ತೇನೆಂದೋ, ಅಳುತ್ತೇನೆಂದೋ. "ಹೌದಲ್ಲ, ನಂಗೆ ಗೊತ್ತೇ ಆಗಲಿಲ್ಲ" ಅಂದೆ. ಅವಳು ನಗಲಿಲ್ಲ. ಹೊಲಿಗೆ ಬಿಚ್ಚುವ ಕಡ್ಡಿ ತಂದು ನನ್ನ ಕೈಗೆ ಕೊಟ್ಟು, "ಬರೀ ಮೇಲಿನ ಭಾಗ ಬಿಚ್ಚಿದ್ರೆ ಸಾಕಲ್ವಾ?" ಅಂದಳು. ಸಾಕಿತ್ತು. ನನಗದು ಹೊಳೆದಿರಲಿಲ್ಲ.

ಹೊಸ ಕಾಗದದ ಮೇಲೆ ತಲೆಕಟ್ಟನ್ನು ಉಲ್ಟಾ ಬರೆದವಳು ಅವಳೇ. ಬರೆದು, ಹಾಳೆ ತಿರುಗಿಸಿ ಕಿಟಕಿಗೆ ಹಿಡಿದು ಎರಡು ಸಲ ನೋಡಿದಳು. ಆದರೆ ಸೀರೆ ಸಾಲಲಿಲ್ಲ. ಏರುವ ಕೊನೆಗೆ ಎರಡು ಬೆರಳಗಲ ಬಟ್ಟೆ ಕಡಿಮೆ ಬಿತ್ತು. ಅವ್ವನಿಗೆ ಫೋನ್ ಮಾಡಿ, ನಿನ್ನ ಸೀರೆ ಹಾಳು ಮಾಡಿದೆ ಎಂದು ಒಪ್ಪಿಕೊಂಡೆ.

"ಹಾಳ್ಯಾಕಾಗತೈತಿ?" ಅಂದಳು ಅವ್ವ. "ಸಾಲದಿದ್ದರ ಬ್ಯಾರೆ ಅರಬಿ ಹಚ್ಚು. ಕೌದಿ ಅಂದರ ಅದ ಅಲ್ಲೇನು?" ಆಮೇಲೆ ದನಿ ತಗ್ಗಿಸಿ ಕೇಳಿದಳು: "ತಪ್ಪು ಹಿಡದಾಕಿ ಯಾರು?"

ಫೋನನ್ನು ಮಗಳ ಕೈಗೆ ಕೊಟ್ಟೆ. "ನಾನು, ಅಜ್ಜಿ" ಅಂದಳು. ಆಮೇಲೆ ಅವರಿಬ್ಬರೂ ತಲೆಕಟ್ಟಿನ ವಿಷಯ ಮಾತಾಡಿದರು. ಮಗಳ ಕನ್ನಡದಲ್ಲಿ ತಪ್ಪುಗಳಿದ್ದವು. ನಾನು ನಡುವೆ ಬಾಯಿ ಹಾಕಲಿಲ್ಲ.

ಶಾಲೆಯ ಕೌದಿ ನೋಡಲು ಬಂದಾಗ 'ಕ' ಹುಡುಕಿ. ದಾಳಿಂಬೆ ಬಣ್ಣದ ಅಕ್ಷರ, ತಲೆಕಟ್ಟಿನ ತುದಿ ಮಾತ್ರ ಹಳದಿ. ಅದು ಮಗಳ ಹಳೇ ಫ್ರಾಕಿನದು. ಕೆಂಪು ಪೆನ್ನು ಈಗ ಹೊಲಿಗೆ ಡಬ್ಬಿಯಲ್ಲಿದೆ, ಬಟ್ಟೆಗೆ ಗುರುತು ಹಾಕಲು. ಕಾಪಿ ಪುಸ್ತಕದಲ್ಲಿ ತಪ್ಪು ಕಂಡರೆ, "ಇದನ್ನೊಮ್ಮೆ ಕಿಟಕಿಗೆ ಹಿಡಿದು ನೋಡೋಣ್ವಾ?" ಎನ್ನುತ್ತೇನೆ. ಕೆಲವು ಸಲ ಅವಳಿಗೆ ತಾನಾಗಿಯೇ ಕಾಣುತ್ತದೆ. ಕೆಲವು ಸಲ ಇಲ್ಲ. ಭಾನುವಾರ ಬೆಳಿಗ್ಗೆ ಶೂ ಹಾಕಿಕೊಳ್ಳಲು ಈಗಲೂ ತಡ ಮಾಡುತ್ತಾಳೆ, ಆದರೆ ಕಾರಿನಲ್ಲಿ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.