ಮುಚ್ಚಳ ಬಿಡದ ಭರಣಿಗಳು

ಅರಗಿನ ಬಣ್ಣ ಕೂತ ಮರ ಉರಿಯುವುದನ್ನು ನಾನು ನೋಡಿದ್ದು ಒಂದೇ ಸಲ. ಮೊದಲು ಬಣ್ಣ ಬೆವರುತ್ತದೆ. ಕೆಂಪು, ಹಳದಿ ಎಲ್ಲ ಕರಗಿ ಹನಿಹನಿಯಾಗಿ ಬೂದಿಗೆ ಇಳಿಯುತ್ತದೆ; ಆಮೇಲೆ ಭಗ್ಗನೆ ಹತ್ತಿಕೊಳ್ಳುತ್ತದೆ. ಅಂಚೆ ಕಚೇರಿಯಲ್ಲಿ ಚೀಲಕ್ಕೆ ಮೊಹರು ಒತ್ತುವಾಗ ಏಳುತ್ತಿದ್ದ ವಾಸನೆಯೇ ಅದು. 1986ರ ಕಾರ್ತಿಕದಲ್ಲಿ ಚನ್ನಪಟ್ಟಣದ ನಮ್ಮ ಬೀದಿಯ ತುದಿಯ ಕಾರ್ಖಾನೆಯ ಅಂಗಳದಲ್ಲಿ 110 ಕುಂಕುಮದ ಭರಣಿಗಳು ಹಾಗೆ ಉರಿದವು. ಬೆಂಕಿಯ ಸುತ್ತ ಕೂತಿದ್ದವರಿಗೆಲ್ಲ ಅವು ಕೆಟ್ಟಿವೆ ಎಂಬುದು ಗೊತ್ತಿತ್ತು. ಕೆಟ್ಟದ್ದು ಯಾರಿಂದ ಎಂಬುದು ನನಗೊಬ್ಬನಿಗೆ ಗೊತ್ತಿತ್ತು. ನನಗಾಗ 13 ವರ್ಷ.

ನಾವು ಕಾರ್ಖಾನೆ ಅನ್ನುತ್ತಿದ್ದದ್ದು ಒಂದು ಉದ್ದನೆಯ ಹೆಂಚಿನ ಕೋಣೆಯನ್ನು. ಒಳಗೆ ಸಾಲಾಗಿ ಆರು ಲೇತುಗಳು. ಒಬ್ಬೊಬ್ಬರದು ಒಂದೊಂದು ಮಿಷನ್ನು, ಅವರವರ ಲೆಕ್ಕ ಅವರವರಿಗೆ. ಆದರೆ ಮರದ ರಾಶಿ, ಕರೆಂಟಿನ ಬಿಲ್ಲು, ಚಹಾ ಮೂರೂ ಕೂಡಿಕೆ. ಅಪ್ಪ ಮೂರನೆಯ ಮಿಷನ್ನಿನಲ್ಲಿ ಕೂರುತ್ತಿದ್ದರು. ಮೊದಲನೆಯದರಲ್ಲಿ ಉಸ್ತಾದರು; ನಾವು ಹುಡುಗರು ಅವರನ್ನು ಚಾಚಾ ಅನ್ನುತ್ತಿದ್ದೆವು. ಮೋಟಾರು ಬರುವ ಮುಂಚೆ, ಬಿಲ್ಲಿನಿಂದ ತಿರುಗುವ ಕೈ ಲೇತಿನ ಮುಂದೆ ನೆಲದಲ್ಲಿ ಕೂತು ಕೆಲಸ ಕಲಿತವರು ಅವರು. ಒಂದು ಕೈಯಲ್ಲಿ ಬಿಲ್ಲು ಎಳೆಯಬೇಕು, ಇನ್ನೊಂದರಲ್ಲಿ ಉಳಿ, ಉಳಿಯ ತುದಿಗೆ ಕಾಲ ಬೆರಳಿನ ಆಸರೆ. ಜಪಾನಿನ ಅರಗಿನ ಕೆಲಸ ನೋಡಿ ಬಂದು ಊರಿಗೆ ಕಲಿಸಿದರೆಂದು ಹಿರಿಯರು ನೆನೆಯುವ ಬಾವಾಸ್ ಮಿಯಾನ್ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಚಾಚಾ ಬಾಯಲ್ಲೇ.

ಶುಕ್ರವಾರ ನಮಾಜು ಮುಗಿಸಿ ಬಂದ ಮೇಲೆ ಅಲ್ಲಿ ಕೂಲಿ ಕೆಲಸವಿರಲಿಲ್ಲ. ಅವತ್ತು ಆರು ಜನವೂ ತಮಗೆ ಬೇಕಾದ್ದನ್ನು ಕಡೆಯುತ್ತಿದ್ದರು. ಯಾರ ಬಟ್ಟಲು ಎಷ್ಟು ತೆಳ್ಳಗೆ ಬಂತು, ಒಳಗೆ ಬಲ್ಬು ಹಿಡಿದರೆ ಬೆಳಕು ಹೊರಗೆ ಕಾಣುತ್ತದೋ ಇಲ್ಲವೋ ಎಂದು ಪಂದ್ಯ. ಅಪ್ಪ ಒಮ್ಮೆ ಮೆಣಸಿನ ಕಾಳಿನಷ್ಟು ಚಿಕ್ಕ ಬುಗುರಿ ಕಡೆದಿದ್ದರು. ಅದು ಚಾಚಾನ ಉಗುರಿನ ಮೇಲೆ ನಿಂತು ತಿರುಗಿತ್ತು. ಆ ಶುಕ್ರವಾರಗಳಷ್ಟು ಸೊಗಸಾದ ಪಾಠಶಾಲೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆ ವರ್ಷ ರಾಮನಗರದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಮದುವೆ. ಬಂದ ಮುತ್ತೈದೆಯರಿಗೆ ತಾಂಬೂಲದ ಜೊತೆ ಕೊಡಲು 300 ಭರಣಿ ಬೇಕೆಂದು ಹೇಳಿಹೋಗಿದ್ದರು. ಆರು ಮಿಷನ್ನಿಗೂ ಹಂಚಿದ ಕೆಲಸ. ಭರಣಿ ನೋಡಲು ಚಿಕ್ಕದು, ಮಾಡಲು ಕಷ್ಟದ್ದು. ಮೊದಲು ಮುಚ್ಚಳದ ಒಳಗನ್ನು ಕೊರೆದುಕೊಳ್ಳಬೇಕು, ಆಮೇಲೆ ಅದಕ್ಕೆ ಸರಿಯಾಗಿ ಭರಣಿಯ ಕಂಠ ಇಳಿಸಬೇಕು. ಕೂದಲೆಳೆ ಹೆಚ್ಚಾದರೆ ಮುಚ್ಚಳ ಹತ್ತುವುದಿಲ್ಲ, ಕಡಿಮೆಯಾದರೆ ನಿಲ್ಲುವುದಿಲ್ಲ. ಮುಚ್ಚಳ ಕೂರುವಾಗ ಒಳಗಿನ ಗಾಳಿ ಮೆಲ್ಲಗೆ ‘ಪುಸ್’ ಅನ್ನಬೇಕು. ಚಾಚಾ ಭರಣಿಯನ್ನು ಕಿವಿಯ ಹತ್ತಿರ ಹಿಡಿದು ಮುಚ್ಚುತ್ತಿದ್ದರು.

ನನ್ನ ಕೆಲಸ ಹಿತ್ತಲಿನ ರಾಶಿಯಿಂದ ಆಲೆಮರದ ತುಂಡುಗಳನ್ನು ಬುಟ್ಟಿಯಲ್ಲಿ ತಂದು ಸುರಿಯುವುದು. ಆಲೆಮರ ಕಡಿದರೆ ಹಾಲು ಸುರಿಸುತ್ತದೆ. ಮರ ದಂತದ ಹಾಗೆ ಬೆಳ್ಳಗೆ, ನುಣ್ಣಗೆ. ಆದರೆ ತೊಗಟೆ ಸುಲಿದು, ನೆರಳಲ್ಲಿ ಗಾಳಿಯಾಡುವ ಹಾಗೆ ಅಡ್ಡಡ್ಡ ಪೇರಿಸಿ, ಎರಡು ಮೂರು ತಿಂಗಳು ಒಣಗಿಸದೆ ಮುಟ್ಟುವಂತಿಲ್ಲ. ನಮ್ಮಲ್ಲಿ ಎರಡು ರಾಶಿ: ಗೋಡೆಯ ಕಡೆಗಿನದು ಒಣಗಿದ್ದು, ಬಾವಿಯ ಕಡೆಗಿನದು ದೀಪಾವಳಿ ಆಸುಪಾಸಿನಲ್ಲಿ ಬಂದದ್ದು. ಭರಣಿಯ ಕೆಲಸ ನಡೆದಿದ್ದ ಒಂದು ದಿನ ಗೋಡೆಯ ಕಡೆ ಒಂದು ತುಂಡು ಎತ್ತಿದರೆ ಕೆಳಗೆ ಕಪ್ಪು ಚೇಳು. ನಾನು ಸದ್ದಿಲ್ಲದೆ ಬಾವಿಯ ಕಡೆಯಿಂದ ಬುಟ್ಟಿ ತುಂಬಿಕೊಂಡು ಬಂದೆ. ಎರಡನೆಯ ಬುಟ್ಟಿಯನ್ನೂ ಅಲ್ಲಿಂದಲೇ ತಂದೆ.

ಚಾಚಾ ಅವತ್ತು ಇರಲಿಲ್ಲ. ಮಗಳ ಬಾಣಂತನ ಅಂತ ಮಂಡ್ಯಕ್ಕೆ ಹೋಗಿದ್ದರು. ಅಪ್ಪ ಬಣ್ಣದ ಅರಗು ತರಲು ಬೆಂಗಳೂರಿಗೆ ಹೋಗಿದ್ದರು. ಮಿಷನ್ನಿನ ಮೇಲಿದ್ದವರು ಚಿಕ್ಕ ವಯಸ್ಸಿನವರು. ಮರ ಬೆಣ್ಣೆಯ ಹಾಗೆ ಬಿಡುತ್ತಿದೆ ಎಂದು ಖುಷಿಯಾದರು. ಒಣ ಮರವಾದರೆ ಉಳಿಯ ಬಾಯಿಂದ ಪುಡಿ ಉದುರುತ್ತದೆ. ಅವತ್ತು ಉದ್ದುದ್ದ ಸುರುಳಿಗಳು ಎದ್ದವು, ಸಂತೆಯ ರಿಬ್ಬನ್ನಿನಂತೆ. ನಾನು ನಾಲ್ಕೈದನ್ನು ಎತ್ತಿ ಕೊರಳಿಗೆ ಹಾರ ಮಾಡಿಕೊಂಡೆ. ಸಂಜೆ ತಿರುಗುವ ಭರಣಿಗೆ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತಿತು. ತಾಳೆಗರಿ ಹಿಡಿದು ಹೊಳಪು ಕೊಟ್ಟರು. 110 ಭರಣಿಗಳು ಹಲಗೆಯ ಮೇಲೆ ಸಾಲಾಗಿ ಕೂತವು. ಮುಚ್ಚಳಗಳು ಪುಸ್ ಅಂದವು.

ಚಾಚಾ ಬಂದದ್ದು ನಾಲ್ಕನೆಯ ದಿನ. ಕೈಗೆ ಸಿಕ್ಕ ಭರಣಿ ಎತ್ತಿ ಮುಚ್ಚಳ ತೆಗೆಯಲು ನೋಡಿದರು. ಬಿಡಲಿಲ್ಲ. ಇನ್ನೊಂದು ಎತ್ತಿದರು. ಅದರ ಮುಚ್ಚಳ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅವರು ಏನೂ ಹೇಳದೆ ಭರಣಿಯ ಕಂಠವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ನಿಧಾನ ತಿರುಗಿಸಿದರು.

“ದುಂಡಗಿಲ್ಲ,” ಅಂದರು.

ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅಗಲದಲ್ಲೂ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರದ ಗುಂಟ ಕುಗ್ಗುವುದು ಹೆಚ್ಚು. ಹಸಿಯಲ್ಲಿ ದುಂಡಗೆ ಕಡೆದದ್ದು ಒಣಗಿದಾಗ ಮೊಟ್ಟೆಯಾಕಾರ ಆಗುತ್ತದೆ. ಹೊರಗೆ ಅರಗಿನ ಹೊದಿಕೆ, ಒಳಗೆ ಬರಿಯ ಮರ. ಒಳಗೊಂದು ರೀತಿ, ಹೊರಗೊಂದು ರೀತಿ ಆರುವುದರಿಂದ ಇನ್ನಷ್ಟು ಎಳೆದಾಟ. ಇದನ್ನೆಲ್ಲ ನಾನು ತಿಳಿದದ್ದು ಬಹಳ ವರ್ಷಗಳ ಮೇಲೆ. ಚಾಚಾ ಹೇಳಿದ್ದು ಮೂರೇ ಮಾತು: “ಮರ ಇನ್ನೂ ಮಲಗಿಲ್ಲ.”

ಕಿರಿಯವರಲ್ಲಿ ಒಬ್ಬರು ಬಿಗಿಯಾದದ್ದನ್ನು ಕೆರೆದು, ಸಡಿಲವಾದದ್ದಕ್ಕೆ ಒಳಗೊಂದು ಸುತ್ತು ಅರಗು ಕೊಟ್ಟರಾಯಿತು, ಮದುವೆ ಮನೆಯಲ್ಲಿ ಯಾರು ನೋಡುತ್ತಾರೆ ಅಂದರು. ಆಗ ನಮ್ಮ ಕೆಲಸಕ್ಕೆ ಈಗಿನ ಹಾಗೆ ಜಿಐ (ಭೌಗೋಳಿಕ ಸೂಚನೆ) ಗುರುತು ಇರಲಿಲ್ಲ, ಪ್ರಶ್ನೆ ಮಾಡುವವರೂ ಇರಲಿಲ್ಲ.

“ಇವತ್ತು ಸರಿ ಮಾಡ್ತೀಯಪ್ಪ. ಸಂಕ್ರಾಂತಿ ಹೊತ್ತಿಗೆ ಮತ್ತೆ ತಿರುಚಿಕೊಳ್ಳುತ್ತೆ. ಹೆಣ್ಣುಮಕ್ಕಳು ಬೆಳಿಗ್ಗೆ ಸ್ನಾನ ಮಾಡಿ ಮೊದಲು ಕೈ ಹಾಕೋದು ಇದಕ್ಕೆ. ಆಗ ಬಿಡಲಿಲ್ಲ ಅಂದ್ರೆ?” ಎಂದರು ಚಾಚಾ.

ಮದುವೆಗೆ ಎರಡೇ ದಿನ ಉಳಿದಿತ್ತು. ಚಾಚಾ ಬೀದಿಯ ಮನೆಮನೆಗೆ ಹೋಗಿ ನಿಂತರು. ವ್ಯಾಪಾರದಲ್ಲಿ ನಮ್ಮ ಮೇಲೆ ಪೈಪೋಟಿ ಮಾಡುತ್ತಿದ್ದ ಕಾರ್ಖಾನೆಗಳವರೂ ತಾವು ಕೂಡಿಟ್ಟ ಒಣ ತುಂಡುಗಳನ್ನು ತಲೆಯ ಮೇಲೆ ಹೊತ್ತು ತಂದರು. ಒಬ್ಬ ಅಜ್ಜಿ ಒಲೆಯ ಅಟ್ಟದ ಮೇಲೆ ಹೊಗೆಗೆ ಒಣಗಿದ್ದ ಏಳು ತುಂಡು ತಂದುಕೊಟ್ಟರು. ರಾತ್ರಿಯಿಡೀ ಆರು ಮಿಷನ್ನೂ ಓಡಿದವು. ಒಬ್ಬರು ಎದ್ದರೆ ಇನ್ನೊಂದು ಕಾರ್ಖಾನೆಯವರು ಬಂದು ಕೂರುತ್ತಿದ್ದರು. ಅಮ್ಮ, ಚಾಚಿ, ಅಕ್ಕಂದಿರು ತಾಳೆಗರಿ ಸೀಳಿ ಕೊಡುತ್ತಾ, ಮುಗಿದದ್ದನ್ನು ಹುಲ್ಲಿನಲ್ಲಿ ಸುತ್ತುತ್ತಾ ಕೂತಿದ್ದರು.

ಚಳಿ ಜೋರಿತ್ತು. ಕೆಟ್ಟ ಭರಣಿಗಳನ್ನು ಚಾಚಾ ತಾವೇ ಬುಟ್ಟಿಯಲ್ಲಿ ತಂದು ಅಂಗಳದ ಬೆಂಕಿಗೆ ಸುರಿದರು. ಕೈ ಬಿಡುವಾದವರು ಬಂದು ಮೈ ಕಾಯಿಸಿಕೊಂಡು ಹೋಗುತ್ತಿದ್ದರು. ನಾನು ಬೆಂಕಿಯ ಮುಂದೆ ಹೋದೆ. ಕೊರಳಲ್ಲಿ ಹಾರವಿರಲಿಲ್ಲ, ಅದು ಒಣಗಿ ಮುರಿದು ಎಂದೋ ಉದುರಿತ್ತು. “ಚಾಚಾ, ಬಾವಿ ಕಡೆಯಿಂದ ತಂದದ್ದು ನಾನು. ಚೇಳಿತ್ತು” ಎಂದೆ. ಅಪ್ಪ ಎದ್ದು ನಿಂತರು. ಚಾಚಾ ಕೈಯೆತ್ತಿ ಅವರನ್ನು ಕೂರಿಸಿದರು. ಪಕ್ಕದ ಗುಡ್ಡೆಯಿಂದ ಎರಡು ತುಂಡು ಎತ್ತಿ ನನ್ನ ಕೈಗೆ ಕೊಟ್ಟರು.

“ಒಂದಕ್ಕೊಂದು ಬಡಿ ಮಗಾ.”

ಬಡಿದೆ. ಟಣ್ ಅಂತು. ಆಮೇಲೆ ಬಾವಿ ಕಡೆಯ ಎರಡು ತುಂಡು ತರಿಸಿದರು. ಅವು ದಬ್ ಅಂದವು. ಅವತ್ತು ಬೆಳಗಾಗುವ ತನಕ ಮಿಷನ್ನಿಗೆ ಹೋದ ಪ್ರತಿ ತುಂಡನ್ನೂ ನಾನು ಬಡಿದು ಕೇಳಿಯೇ ಕೊಟ್ಟದ್ದು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಬೆಳಿಗ್ಗೆ ಟೆಂಪೋ ಬಂದು 300 ಭರಣಿ ತುಂಬಿಕೊಂಡು ಹೋಯಿತು. ಎಲ್ಲರೂ ಮಲಗಿದ ಮೇಲೆ ನಾನು ಆರಿದ ಬೆಂಕಿಯಿಂದ ಒಂದು ಇದ್ದಿಲು ಆರಿಸಿಕೊಂಡು, ಹಿತ್ತಲಿಗೆ ಹೋಗಿ, ಬಾವಿ ಕಡೆಯ ರಾಶಿಯ ಒಂದೊಂದು ದಿಮ್ಮಿಯ ತುದಿಗೂ ‘ಕಾರ್ತಿಕ’ ಎಂದು ಬರೆಯುತ್ತಾ ಕೂತೆ. ಮಧ್ಯಾಹ್ನ ಚಾಚಾ ಬಂದು ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಏನು ಬರೆದೆ ಎಂದು ಕೇಳಿದರು, ಹೇಳಿದೆ. ನನ್ನ ಕೈಯಿಂದ ಇದ್ದಿಲು ತೆಗೆದುಕೊಂಡು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ಬರೆದ ಪ್ರತಿಯೊಂದರ ಕೆಳಗೂ ಆ ತಿಂಗಳನ್ನು ಉರ್ದುವಿನಲ್ಲಿ ಬರೆಯುತ್ತಾ ಬಂದರು.