ಅಟ್ಟದ ಮೇಲಿನ ಆಟ

ಆಟವನ್ನು ಕುರಿತು ಬರೆಯಲು ಇವನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು ನಾನು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಪಶ್ಚಾತ್ತಾಪದ ಸೂಕ್ತವಿದೆಯಷ್ಟೆ. ಅದನ್ನು ತರಗತಿಯಲ್ಲಿ ಎತ್ತಿ ಹೇಳಿ, ಆಟದ ಹುಚ್ಚು ಮನುಷ್ಯನನ್ನು ಎಲ್ಲಿಗೆ ಒಯ್ಯುವುದೆಂದು ಹುಡುಗರನ್ನು ಹೆದರಿಸಿದವನು. ಅಂಥವನು ನಿವೃತ್ತನಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು, ಟೆಲಿವಿಷನ್ನಿನ ಮುಂದೆ ಕುಳಿತು, ಮಾರಿಯೋ ಎಂಬ ಮೀಸೆಯ ಕೊಳಾಯಿ ಕೆಲಸದವನನ್ನು ಹಳ್ಳಗಳ ಮೇಲೆ ಹಾರಿಸುತ್ತಿದ್ದಾನೆಂದರೆ ಯಾರಿಗಾದರೂ ನಗು ಬಂದೀತು. ನಮ್ಮ ಮನೆಯಾಕೆ ನಕ್ಕೂ ಆಯಿತು.

ಇದಕ್ಕೆ ಕಾರಣವಾದ ಸಂಗತಿ ಹಳೆಯದು. 1998ರಲ್ಲಿ ನನ್ನ ಭಾವಮೈದುನನು ಬೆಂಗಳೂರಿನಿಂದ ಬರುವಾಗ ನನ್ನ ಮಗನಿಗೆಂದು ಒಂದು ವಿಡಿಯೋ ಗೇಮ್ ಪೆಟ್ಟಿಗೆಯನ್ನು ತಂದನು. ಜಪಾನಿನ ನಿಂಟೆಂಡೊ ಸಂಸ್ಥೆಯವರು 1983ರಲ್ಲಿ ಹೊರತಂದ ಯಂತ್ರದ ಅಗ್ಗದ ಅನುಕರಣವದು; ಮೈಮೇಲೆ ಯಾರ ಹೆಸರೂ ಇರಲಿಲ್ಲ. ಅದರ ನೆತ್ತಿಯಲ್ಲಿ ಸಿಕ್ಕಿಸುವ ಆಟದ ತುಂಡಿಗೆ ಹುಡುಗರು ಕ್ಯಾಸೆಟ್ ಎನ್ನುತ್ತಿದ್ದರು. ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಹೊರತೆಗೆದು, ಬಾಯಿಂದ ಊದಿ, ಮತ್ತೆ ಸಿಕ್ಕಿಸಬೇಕು. ಫಲ ಕೊಡುತ್ತಿದ್ದುದು ಊದಿದ ಉಸಿರಲ್ಲ, ಮರಳಿ ಸಿಕ್ಕಿಸಿದ ಕ್ರಿಯೆ ಎಂದು ಈಗ ತಿಳಿದವರು ಹೇಳುತ್ತಾರೆ. ಆದರೂ ಆ ಊದುವಿಕೆಯನ್ನು ಬೀದಿಯ ಮಕ್ಕಳೆಲ್ಲರೂ ಪುರೋಹಿತನ ಆಚಮನದಷ್ಟೇ ಶ್ರದ್ಧೆಯಿಂದ ನಡೆಸುತ್ತಿದ್ದರು. ಇದ್ದ ಹಿಡಿಗಳು ಎರಡು, ಹುಡುಗರು ಏಳೆಂಟು ಮಂದಿ. ತನ್ನ ಸರದಿಗಾಗಿ ಕಾಯುವವನು ಆಡುವವನಿಗಿಂತ ಹೆಚ್ಚು ಕೂಗುತ್ತಿದ್ದನು.

ಅವರಿಗೆ ಅತಿಪ್ರಿಯವಾದುದು 1985ರ ಸೂಪರ್ ಮಾರಿಯೋ ಬ್ರದರ್ಸ್. ಅದರಲ್ಲಿ ಎಂಟು ಲೋಕಗಳು, ಲೋಕವೊಂದಕ್ಕೆ ನಾಲ್ಕು ಹಂತಗಳು, ಒಟ್ಟು 32. ಮೊದಲ ಏಳು ಲೋಕಗಳ ಕೊನೆಯಲ್ಲಿಯೂ ಕೋಟೆಯನ್ನು ಗೆದ್ದು ಒಳಹೊಕ್ಕರೆ, ರಾಜಕುಮಾರಿ ಇಲ್ಲಿಲ್ಲ, ಬೇರೊಂದು ಕೋಟೆಯಲ್ಲಿದ್ದಾಳೆಂಬ ಸಮಾಚಾರ ದೊರೆಯುತ್ತದೆ. ನಿಲ್ಲಿಸಿದ ಸ್ಥಳವನ್ನು ಯಂತ್ರವು ನೆನಪಿನಲ್ಲಿಡುವುದಿಲ್ಲ. ಕರೆಂಟು ಹೋಯಿತೆಂದರೆ ಮೊದಲಿನಿಂದ ಆರಂಭ. ಕರೆಂಟಾದರೋ ನಮ್ಮ ಊರಿನಲ್ಲಿ ದಿನವೂ ಹೋಗುತ್ತಿತ್ತು.

ಒಂದು ಸಂಜೆ ಶಾಲೆಯಲ್ಲಿ ಮೇಲಿನವರಿಂದ ಮಾತು ಕೇಳಿ, ಕುದಿಯುತ್ತ ಮನೆಗೆ ಬಂದೆನು. ಮಗನು ಒಬ್ಬನೇ ಆಡುತ್ತಿದ್ದನು. ಆಗ ಅವನಿಗೆ ಒಂಬತ್ತು ವರ್ಷ. ‘ಅಪ್ಪ, ಎಂಟನೆಯ ಲೋಕ!’ ಎಂದನು, ತಿರುಗಿ ನೋಡದೆ. ಎದ್ದು ನಿಲ್ಲಲಿಲ್ಲವೆಂಬುದೇ ನನಗೆ ನೆಪವಾಯಿತು. ಒಂದು ಮಾತನ್ನೂ ಆಡದೆ ಸ್ವಿಚ್ಚನ್ನು ಆರಿಸಿಬಿಟ್ಟೆನು. ಅವನು ಅತ್ತಿದ್ದರೆ ಎರಡು ಬುದ್ಧಿಮಾತು ಹೇಳಿ ಸಮಾಧಾನ ಪಡುತ್ತಿದ್ದೆನೇನೋ. ಅಳಲಿಲ್ಲ. ತಂತಿಗಳನ್ನು ಅಚ್ಚುಕಟ್ಟಾಗಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಅಟ್ಟಕ್ಕೆ ಏರಿಸಿದನು. ಮತ್ತೆಂದೂ ಅದನ್ನು ಕೇಳಲಿಲ್ಲ. ಹುಡುಗ ಸರಿಹೋದನೆಂದು ನಾನು ನಾಲ್ಕು ಜನರಲ್ಲಿ ಹೇಳಿಕೊಂಡೆನು.

ಈಚೆಗೆ ಅಟ್ಟ ಗುಡಿಸುವಾಗ ಆ ಪೆಟ್ಟಿಗೆ ಸಿಕ್ಕಿತು. ಪಕ್ಕದ ಮನೆಯ ಹುಡುಗನ ನೆರವಿನಿಂದ ತಂತಿಗಳನ್ನು ಜೋಡಿಸಿ, ನಾನೂ ಶಾಸ್ತ್ರಕ್ಕೆ ಒಮ್ಮೆ ಊದಿ, ಆಡತೊಡಗಿದೆನು. ಮೊದಲ ಹಳ್ಳವನ್ನು ದಾಟುವುದಕ್ಕೆ ಮೂರು ದಿನ ಹಿಡಿಯಿತು. ಹಾರುವುದು ಬೆರಳಿನ ಕೆಲಸವೆಂದು ಎಣಿಸಿದ್ದೆ. ಅದು ಕಾಲಜ್ಞಾನದ ಕೆಲಸ. ಆಟದ ರಚನೆಯನ್ನು ತಿಳಿದಾಗ ಇನ್ನೂ ಬೆರಗಾಯಿತು. ಇಡೀ ಆಟವು ಅಡಗಿರುವುದು 40 ಕಿಲೋಬೈಟುಗಳಲ್ಲಿ. ಇಂದು ದೂರವಾಣಿಯಿಂದ ತೆಗೆದ ಒಂದು ಭಾವಚಿತ್ರಕ್ಕೂ ಅಷ್ಟು ಸ್ಥಳ ಸಾಲದು. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಆಕಾರವೊಂದೇ. ಬಣ್ಣ ಮಾತ್ರ ಬೇರೆ. ಅರ್ಧಮಾತ್ರೆಯ ಉಳಿತಾಯಕ್ಕೂ ಹಿಗ್ಗುವ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರು. 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸೀ ಪಜಿಟ್ನೋವ್ ಎಂಬವರು ಟೆಟ್ರಿಸ್ ಆಟವನ್ನು ರಚಿಸಿದಾಗ ಅವರ ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ; ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆಗಳನ್ನು ತೋರಿಸಿದರು. ಆ ಆಟದ 1989ರ ನಿಂಟೆಂಡೊ ಆವೃತ್ತಿಯನ್ನು 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬನು 157ನೆಯ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದನು. ಮನುಷ್ಯಮಾತ್ರರು ಆ ಘಟ್ಟವನ್ನು ಮುಟ್ಟಿದುದು ಅದೇ ಮೊದಲು.

ಹಳೆಯ ಆಟಗಳಲ್ಲಿ ನಾನು ಕಂಡ ಗುಣವೆಂದರೆ ಅವಕ್ಕೆ ಒಂದು ಕೊನೆಯಿದೆ. ಆಡುವವನಿಂದ ಅವು ಬೇಡುವುದು ಅಭ್ಯಾಸವನ್ನು. ಕ್ಯಾಸೆಟ್ಟಿಗೆ ಒಮ್ಮೆ ಬೆಲೆ ತೆತ್ತಮೇಲೆ ಮತ್ತೆ ಕಾಸು ಕೇಳುವುದಿಲ್ಲ. ಇಂದಿನ ಎಷ್ಟೋ ಆಟಗಳಿಗೆ ಕೊನೆಯೆಂಬುದಿಲ್ಲ. ನಡುನಡುವೆ ಹಣ ಕೇಳುತ್ತವೆ. ಒಂದು ದಿನ ಆಡದಿದ್ದರೆ ಬಾ ಎಂದು ಕರೆಕಳುಹಿಸುತ್ತವೆ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಬೇಕಾಯಿತು. ನಾನು ಹೇಳುತ್ತಿದ್ದ ಸೂಕ್ತಕ್ಕೆ ಸಲ್ಲುವ ಆಟ ಅದು. ಆ ಪಗಡೆಯನ್ನೂ ಒಂಬತ್ತು ವರ್ಷದ ಮಗುವಿನ ಆಟವನ್ನೂ ಒಂದೇ ಎಂದು ತಿಳಿದುದು ನನ್ನ ಪಾಂಡಿತ್ಯದ ಪ್ರಮಾದ. ಹಾಗೆಂದು ಹಳೆಯದೆಲ್ಲ ಚಿನ್ನವೆನ್ನಲಾರೆ. ನನ್ನ ಮೊಮ್ಮಗನು ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ, ದೂರದೂರಿನಲ್ಲಿರುವ ಅತ್ತೆಯ ಮಗಳೊಡನೆ ಸೇರಿ, ಘನಾಕೃತಿಗಳಿಂದ ಮನೆ ಕಟ್ಟುತ್ತಾನೆ. ಅದಕ್ಕೆ ಹಿತ್ತಿಲೂ ಬಾವಿಯೂ ಉಂಟು. ಅದರಲ್ಲಿ ದೋಷವೇನೂ ನನಗೆ ತೋರಲಿಲ್ಲ.

ಎರಡು ತಿಂಗಳ ಮೇಲೆ ನಾನು ಐದನೆಯ ಲೋಕವನ್ನು ತಲುಪಿದೆನು. ಎರಡನೆಯ ಹಂತದಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಹಿಡಿಯನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದೆ. ವಿದ್ಯುತ್ತಿನ ಮೇಲೆ ಕೋಪಿಸಿಕೊಂಡು ಫಲವೇನು? ಆ ಸಂಜೆ ಕತ್ತಲೆ ಮಾಡಿದವನು ತಂದೆ.

ಮಗನಿಗೆ ದೂರವಾಣಿ ಮಾಡಿದೆನು. ‘ಏನಪ್ಪ, ನಿನ್ನ ಹಳೆಯ ವಿಡಿಯೋ ಗೇಮ್ ಸಿಕ್ಕಿತು’ ಎಂದೆ. ‘ಅಯ್ಯೋ, ಅದನ್ನು ಮರೆತೇಬಿಟ್ಟಿದ್ದೆ, ಅಪ್ಪ’ ಎಂದು ನಕ್ಕನು. ‘ಎಂಟನೆಯ ಲೋಕಕ್ಕೆ ಹೋಗಿದ್ದೆ, ಅಲ್ಲವೇ? ನಾನು ಹಾಗೆ ಮಾಡಬಾರದಾಗಿತ್ತು’ ಎಂದೆ. ಸ್ವಲ್ಪ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ, ‘ಮೂರನೆಯ ಹಂತ, ಅಪ್ಪ. ಸುತ್ತಿಗೆ ಎಸೆಯುವ ಆಮೆಗಳಿದ್ದವು. ಒಂದು ಜೀವ ಉಳಿದಿತ್ತು’ ಎಂದನು.

ದಸರೆಯ ರಜೆಗೆ ಮಗನೂ ಮೊಮ್ಮಗನೂ ಬಂದಿದ್ದರು. ಇಬ್ಬರೂ ಚಾಪೆಯ ಮೇಲೆ ಕುಳಿತು ಆಡುತ್ತಿದ್ದಾಗ ಒಳಗಿನಿಂದ ಊಟಕ್ಕೆ ಕರೆ ಬಂತು. ಎಲೆ ಹಾಕಿಯಾಗಿತ್ತು. ನಾನು ಸ್ವಿಚ್ಚಿನ ಪಕ್ಕದಲ್ಲಿಯೇ ನಿಂತಿದ್ದೆ. ‘ಈ ಹಂತ ಮುಗಿಯಲಿ, ಆಮೇಲೆ ಬನ್ನಿ’ ಎಂದು ಹೇಳಿ, ನಾನೂ ಅಲ್ಲಿಯೇ ಕುಳಿತೆನು. ಸಾರು ಸ್ವಲ್ಪ ಆರಿತು.