ಕೊಳ್ಳುವ ಮುಂಚೆ ಒಂದು ಗಂಟೆ ಬಿಸಿಯಾಗಲಿ

ನಿಮ್ಮಲ್ಲಿ ಎಷ್ಟೋ ಮಂದಿ ಹಳೆಯ ಹೊಲಿಗೆ ಯಂತ್ರ ಕೊಂಡಿರಬಹುದು, ಹಳೆಯ ಗ್ರೈಂಡರ್ ಕೊಂಡಿರಬಹುದು. ಮನೆಗೆ ತಂದ ಮೂರನೆಯ ದಿನವೇ ಅದು ಕೆಟ್ಟು ಕೂತಾಗ ಮನೆಯವರ ಮುಂದೆ ತಲೆ ತಗ್ಗಿಸಿಯೂ ಇರಬಹುದು. ನಾನು ಹಾಗೆ ತಲೆ ತಗ್ಗಿಸಿದ್ದು ಒಂದು ಹಳೆಯ ವಾಲ್ವ್ ಆಂಪ್ಲಿಫೈಯರಿನಿಂದ. "ಒಗ್ಗರಣೆ ಹಾಕೋ ಕೈಗೆ ಆಂಪ್ಲಿಫೈಯರ್ ಸಹವಾಸ ಯಾಕಮ್ಮಾ?" ಅಂತ ನಗಬೇಡಿ. ನಿಮ್ಮ ಮನೆಯಲ್ಲೂ ಒಬ್ಬ ಮಗ ಗಿಟಾರ್ ಹಿಡಿದು ಕೂತರೆ ಆಗ ನನ್ನ ಮಾತು ನೆನಪಾಗುತ್ತೆ.

ನಮ್ಮ ಮಗ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಭಾನುವಾರ ಬಂತೆಂದರೆ ಒಂದು ವಾದ್ಯ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಾನೆ. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ನಮ್ಮ ತಿಪಟೂರಿನ ಕಡೆಯ ಆರ್ಕೆಸ್ಟ್ರಾಗಳಿಗೂ ಬರುತ್ತಾನೆ. ಬೇಸ್ ಗಿಟಾರಿಗೆ ನಾಲ್ಕು ದಪ್ಪ ತಂತಿ. ಹಾಡಿನ ತಳದಲ್ಲಿ ಧುಂ ಧುಂ ಅನ್ನುತ್ತಾ ಇರುತ್ತದಲ್ಲ, ಅದೇ. ಸಾರಿಗೆ ಉಪ್ಪು ಇದ್ದ ಹಾಗೆ. ಇದ್ದಾಗ ಯಾರೂ ಹೊಗಳೋದಿಲ್ಲ, ಇಲ್ಲದಾಗ ಎಲ್ಲರಿಗೂ ಗೊತ್ತಾಗುತ್ತೆ. ಗಟ್ಟಿ ಮರದ ವಾದ್ಯ, ತನ್ನಷ್ಟಕ್ಕೆ ತಾನು ಶಬ್ದ ಮಾಡದು. ಆಂಪ್ಲಿಫೈಯರೇ ಅದರ ಗಂಟಲು.

ಈಗಿನ ಆಂಪ್ಲಿಫೈಯರುಗಳು ಬಹುಪಾಲು ವಾಲ್ವ್ ಇಲ್ಲದವು. ಹಗುರ, ಬೆಲೆಯೂ ಕಮ್ಮಿ. ಆದರೆ ನಮ್ಮ ಹುಡುಗನಿಗೆ ಗಾಜಿನ ವಾಲ್ವ್ ಇರುವುದೇ ಬೇಕಿತ್ತು. ಜೋರಾಗಿ ನುಡಿಸಿದಾಗ ಅದರ ದನಿ ಕರ್ಕಶವಾಗಿ ಒಡೆಯುವುದಿಲ್ಲವಂತೆ, ಬೆಲ್ಲದ ಪಾಕದ ಹಾಗೆ ದುಂಡಗೆ ಆಗುತ್ತದಂತೆ. ಅಮೆರಿಕದಲ್ಲಿ ಫೆಂಡರ್ ಕಂಪನಿ 1952ರಲ್ಲೇ ಬೇಸ್ ಗಿಟಾರಿಗೆಂದು ಬ್ಯಾಸ್‌ಮನ್ ಎಂಬುದನ್ನು ತಂದಿತು. 1969ರಲ್ಲಿ ಆಂಪೆಗ್ ಕಂಪನಿಯ ಎಸ್.ವಿ.ಟಿ. ಬಂತು: 300 ವ್ಯಾಟ್, ಒಳಗೆ 14 ವಾಲ್ವ್! ಇವನ ಫೋನಿನ ತುಂಬ ಅದರದ್ದೇ ಚಿತ್ರಗಳು. ಹೊಸದು ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲ. ಹಾಗಾಗಿ ಹಳೆಯದನ್ನೇ ಹುಡುಕತೊಡಗಿದ.

2022ರ ಆಷಾಢದಲ್ಲಿ ನನ್ನ ಚೀಟಿ ಹಣ 45,000 ರೂಪಾಯಿ ಬಂತು. ಎರಡು ಬಳೆ ಮಾಡಿಸಿಕೊಳ್ಳಬೇಕೆಂದು ಮೂರು ವರ್ಷ ಕಟ್ಟಿದ ಚೀಟಿ. ನಮ್ಮವರು ಖಡಾಖಂಡಿತವಾಗಿ ಬೇಡ ಅಂದರು. ಆದರೂ ತಾಯಿಯ ಕರುಳು ಕೇಳಬೇಕಲ್ಲ? ಹಣ ಕೊಟ್ಟೆ. ಮಗ ಯಾರದೋ ಮನೆಗೆ ಹೋಗಿ ನೋಡಿದ. ಹೊರಗಿನ ಬಟ್ಟೆ ಹೊಸದು, ಗುಂಡಿಗಳು ಥಳಥಳ. ಮಾರುವವರು ಐದು ನಿಮಿಷ ಹಾಕಿ, ಮೆಲ್ಲಗೆ ನುಡಿಸಿ ತೋರಿಸಿ, "ನೋಡಿ ಎಷ್ಟು ಚೆನ್ನಾಗಿದೆ" ಅಂದರು. ಇವನು ಅಲ್ಲೇ ಹಣ ಎಣಿಸಿ ಹೊತ್ತು ತಂದ.

ಆ ವರ್ಷದ ಗಣೇಶನ ಕಾರ್ಯಕ್ರಮಕ್ಕೆ ನಾನೂ ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದೆ. ನಲವತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಸುಟ್ಟ ಅರಗಿನಂಥ ವಾಸನೆ, ತೆಳ್ಳನೆಯ ಹೊಗೆ, ಧುಂ ಧುಂ ಬಂದ್. ಉಳಿದವರು ಹಾಡು ಮುಂದುವರಿಸಿದರು. ನನ್ನ ಮಗ ಗಿಟಾರ್ ತಬ್ಬಿಕೊಂಡು ವೇದಿಕೆಯ ಮೇಲೆ ಸುಮ್ಮನೆ ನಿಂತಿದ್ದ. ಅವನ ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದಿನ ಎರಡು ಕಾರ್ಯಕ್ರಮಗಳಿಗೆ ತಂಡದವರು ಬೇರೆ ಹುಡುಗನನ್ನು ಕರೆದುಕೊಂಡರು. ಅವರದೇನೂ ತಪ್ಪಿಲ್ಲ ಬಿಡಿ.

ರಿಪೇರಿಯವರು ಬಿಚ್ಚಿ ನೋಡಿದರೆ ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ತಂತಿ ಸುತ್ತಿತ್ತು! ಒಳಗೊಂದು ದೊಡ್ಡ ವಾಲ್ವ್ ಮೊದಲೇ ಕೆಟ್ಟಿದ್ದು, ಬಿಸಿಯಾದ ಮೇಲೆ ಹದ್ದು ಮೀರಿ ಕರೆಂಟ್ ಎಳೆಯುತ್ತಿತ್ತಂತೆ. ಸರಿಯಾದ ಫ್ಯೂಸ್ ಇದ್ದಿದ್ದರೆ ಅದೇ ಸುಟ್ಟುಹೋಗಿ ಉಳಿದದ್ದನ್ನು ಕಾಪಾಡುತ್ತಿತ್ತು. ತಂತಿ ಕರಗಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿತು. ವಾಲ್ವ್ ಆಂಪ್ಲಿಫೈಯರಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಅದೇ. ನಮ್ಮವರು "ನಾನು ಹೇಳಿರಲಿಲ್ಲವೇ?" ಅಂತ ಒಂದೇ ಮಾತು ಅಂದರು. ನೂರು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಈಗ ನನ್ನ ದಡ್ಡತನದ ಸಂಗತಿ ಹೇಳುತ್ತೇನೆ ಕೇಳಿ. ನಮ್ಮ ತಂದೆ ರೇಡಿಯೋ ರಿಪೇರಿಯವರು! ಅವರ ಅಂಗಡಿಯಲ್ಲಿ ಕೂತು ವಾಲ್ವುಗಳ ಕಿತ್ತಳೆ ಬೆಳಕು ನೋಡುತ್ತಲೇ ನಾನು ಎಸ್.ಎಸ್.ಎಲ್.ಸಿ. ಓದಿದವಳು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್ ಮಾಡುತ್ತಿತ್ತು. ಅಪ್ಪ ಆ ಡಬ್ಬಿಗಳನ್ನು ಮೊಟ್ಟೆಯ ಹಾಗೆ ಜೋಪಾನ ಮಾಡುತ್ತಿದ್ದರು. ಟ್ರಾನ್ಸಿಸ್ಟರ್ ಬಂತು, ಟೀವಿ ಬಂತು, 1998ರಲ್ಲಿ ಅಂಗಡಿ ಮುಚ್ಚಿದರು. ಆಮೇಲೆ ಅವರನ್ನು ಯಾರೂ ಏನೂ ಕೇಳಲಿಲ್ಲ. ಮಗಳಾದ ನಾನೂ ಕೇಳಲಿಲ್ಲ! "ಇದು ದೊಡ್ಡ ವೇದಿಕೆಯ ಸಾಮಾನು, ಅಪ್ಪನಿಗೇನು ಗೊತ್ತಾಗುತ್ತೆ" ಅಂದುಕೊಂಡೆ.

ದೀಪಾವಳಿಗೆ ತವರಿಗೆ ಹೋದಾಗ ಅಳುತ್ತಾ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. "ವಾಲ್ವ್ ಕೆಂಪಗಾಗಿತ್ತೇನೇ?" ಅಂತ ಕೇಳಿದರು.

"ವಾಲ್ವ್ ಅಂದ್ರೆ ಕೆಂಪಗೇ ಅಲ್ವೇನಪ್ಪಾ ಇರೋದು?"

"ಅಯ್ಯೋ ಪೆದ್ದಿ, ನಡುವೆ ದೀಪದ ಬತ್ತಿ ಹಾಗೆ ಉರಿದ್ರೆ ಅದು ಸರಿ. ಸುತ್ತ ಬೂದು ಬಣ್ಣದ ತಗಡು ಇರುತ್ತಲ್ಲ, ಅದು ಕಾದ ಹಂಚಿನ ಹಾಗೆ ಕೆಂಪಾಯ್ತೋ, ತಕ್ಷಣ ಆರಿಸಬೇಕು. ಐದು ನಿಮಿಷದಲ್ಲಿ ಅದು ಕಾಣೋದಿಲ್ಲ. ಹಸು ಕೊಳ್ಳುವಾಗ ಕರೆದು ನೋಡ್ತಾರೆ, ಕೊಂಬಿನ ಬಣ್ಣ ನೋಡ್ತಾರೇನೇ?"

ಅಪ್ಪನ ಇಡೀ ವಿದ್ಯೆ ಇದೊಂದು ಮಾತಿನಲ್ಲಿದೆ ನೋಡಿ: ತಣ್ಣಗಿರುವ ವಾಲ್ವ್ ಯಂತ್ರ ಎಷ್ಟೇ ಚೆನ್ನಾಗಿ ಕಂಡರೂ ನಂಬಬಾರದು. ಒಂದು ಗಂಟೆ ಬಿಸಿಯಾಗಲಿ, ನಮ್ಮದೇ ಗಿಟಾರಿನಲ್ಲಿ, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿ, ಆಮೇಲೆ ಬೆಲೆಯ ಮಾತು.

ಅವರು ಹೇಳಿದ್ದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡೆ. ನಿಮಗೂ ಇರಲಿ.

ಹಾಕುವ ಮುಂಚೆ ಪ್ಲಗ್ಗು ನೋಡಿ. ಅರ್ಥಿಂಗ್ ಪಿನ್ನು ಕತ್ತರಿಸಿದ್ದರೆ ಕೈ ಮುಗಿದು ಎದ್ದು ಬನ್ನಿ. ಫ್ಯೂಸ್ ಬಿಚ್ಚಿ, ಹಿಂಬದಿಯಲ್ಲಿ ಬರೆದಷ್ಟೇ ಆಂಪ್ಸಿನದು ಇದೆಯೇ ನೋಡಿ. ಟ್ರಾನ್ಸ್‌ಫಾರ್ಮರ್ ಹತ್ತಿರ ಸುಟ್ಟ ವಾಸನೆ ಬರುತ್ತದೆಯೇ, ಮೂಸಿ. ಅಡಿಗೆ ಮಾಡುವ ನಮ್ಮ ಮೂಗಿಗಿಂತ ಚುರುಕು ಮೂಗು ಯಾರಿಗಿದೆ ಹೇಳಿ?

ಸ್ಪೀಕರ್ ಸಿಕ್ಕಿಸದೆ ವಾಲ್ವ್ ಆಂಪ್ಲಿಫೈಯರ್ ನಡೆಸಲೇಬಾರದು, ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ. ಹಿಂದೆ 4 ಓಮ್, 8 ಓಮ್ ಅಂತ ಬರೆದಿರುತ್ತದೆ. ಸ್ಪೀಕರೂ ಅಷ್ಟೇ ಓಮಿನದಾಗಿರಬೇಕು.

ಹಾಕಿದ ಮೇಲೆ ದನಿಯನ್ನು ಪೂರ್ತಿ ಇಳಿಸಿ ಕಿವಿಗೊಡಿ. ಸಣ್ಣ ಗುಂಯ್ ಸಹಜ. ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿದ್ದರೆ ಕಂಡೆನ್ಸರುಗಳು ಮುದಿಯಾಗಿವೆ ಎಂದು ಅರ್ಥ. ಅವುಗಳನ್ನು ಬದಲಾಯಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಗುಂಡಿ ತಿರುಗಿಸುವಾಗ ಕರಕರ ಅಂದರೆ ಬರಿಯ ಧೂಳು, ಹೆದರಬೇಡಿ. ಪೆನ್ಸಿಲಿನಿಂದ ವಾಲ್ವುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಗಂಟೆ ಬಾರಿಸಿದ ಹಾಗೆ ಕೇಳಿದರೆ, ಕೀರಲು ದನಿ ಬಂದರೆ, ಆ ವಾಲ್ವ್ ಬದಲಾಗಬೇಕು. ಚಿಕ್ಕ ವಾಲ್ವಾದರೆ ಖರ್ಚು ಕಮ್ಮಿ. ದೊಡ್ಡವಾದರೆ ಒಂದನ್ನೇ ಹಾಕುವಂತಿಲ್ಲ, ಒಂದಕ್ಕೊಂದು ಹೊಂದುವ ಜೊತೆಯನ್ನೇ ತಂದು ಬಲ್ಲವರಿಂದ ಹದ ಮಾಡಿಸಬೇಕು. ಈಗ ಹೊಸ ವಾಲ್ವುಗಳು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರುತ್ತವೆ. ಎಲ್ಲರೂ ಬಳಸುವ ಜಾತಿಯ ವಾಲ್ವ್ ಇರುವ ಯಂತ್ರವಾದರೆ ಹುಡುಕಾಟ ತಪ್ಪುತ್ತದೆ.

ಇನ್ನೊಂದು ಮಾತು, ಇದನ್ನಂತೂ ಮರೆಯಲೇಬೇಡಿ. ನಾವಾಗಿ ಪೆಟ್ಟಿಗೆ ಬಿಚ್ಚಿ ಒಳಗೆ ಕೈ ಹಾಕಬಾರದು. ಒಳಗೆ 400 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಉಳಿದುಕೊಂಡಿರಬಹುದು. ಅಪ್ಪನ ಹೆಬ್ಬೆರಳಿನ ಮೇಲೆ ಒಂದು ಬಿಳಿಯ ಕಲೆಯಿದೆ. ಚಿಕ್ಕಂದಿನಲ್ಲಿ ಕೇಳಿದಾಗ "ಕರೆಂಟು ಮುತ್ತು ಕೊಟ್ಟಿತು" ಅನ್ನುತ್ತಿದ್ದರು.

2023ರ ಬೇಸಿಗೆಯಲ್ಲಿ ಮಗ ತನ್ನ ಸಂಬಳದಲ್ಲಿ ಉಳಿಸಿದ ಹಣ ಹಿಡಿದು ಮತ್ತೆ ಹೊರಟ. ಈ ಸಲ ಅಜ್ಜನನ್ನೂ ಕರೆದ. 77 ವರ್ಷದ ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಟಾರ್ಚು, ಪೆನ್ಸಿಲು ಜೇಬಿನಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಸಿದ್ಧರಾಗಿ ನಿಂತಿದ್ದರು. ಎಷ್ಟೋ ವರ್ಷದ ಮೇಲೆ ಅವರನ್ನು ಹಾಗೆ ಕಂಡೆ.

ಬೆಂಗಳೂರಿನಲ್ಲಿ ಎರಡು ಯಂತ್ರ ನೋಡುವುದಿತ್ತು. ಒಂದು ಇವನ ಕನಸಿನ ಎಸ್.ವಿ.ಟಿ. ಜಾತಿಯದು. ಸ್ಪೀಕರ್ ಬಿಟ್ಟು ತಲೆಯ ಪೆಟ್ಟಿಗೆಯೇ 36 ಕಿಲೋ ಹತ್ತಿರ. ಅಪ್ಪ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, "ರಾಜನಂಥ ಯಂತ್ರ ಕಣಪ್ಪ. ಆದರೆ ರಾತ್ರಿ ಹನ್ನೆರಡಕ್ಕೆ ವೇದಿಕೆಯಿಂದ ಇಳಿಸೋರು ಯಾರು? ದೊಡ್ಡ ವಾಲ್ವೇ ಆರಿವೆ, ಆರೂ ಒಟ್ಟಿಗೆ ಬದಲಾಯಿಸೋ ವರ್ಷ ದುಡ್ಡು ಎಲ್ಲಿಂದ ತರ್ತೀಯಾ?" ಅಂದರು. ದೊಡ್ಡ ಕಾರ್ಯಕ್ರಮಗಳಲ್ಲಿ ಹೇಗೂ ಮೈಕಿನವರೇ ದನಿಯನ್ನು ಜನರಿಗೆ ಮುಟ್ಟಿಸುತ್ತಾರೆ. ಮಗ ಒಂದು ನಿಮಿಷ ಸುಮ್ಮನಿದ್ದು "ಸರಿ ತಾತ" ಅಂದ.

ಇನ್ನೊಂದು 1970ರ ದಶಕದ ಫೆಂಡರ್ ಬ್ಯಾಸ್‌ಮನ್ 100. ನೂರು ವ್ಯಾಟ್, ನಾಲ್ಕು ದೊಡ್ಡ ವಾಲ್ವ್. ಹೊರಗಿನ ಬಟ್ಟೆ ಹರಿದು ಬಡವಾಗಿ ಕಾಣುತ್ತಿತ್ತು. ಅಮೆರಿಕದಿಂದ ತಂದದ್ದರಿಂದ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಮುಗಿಯಿತು ಕಥೆ! ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದೂ ಯಂತ್ರ ಎಳೆಯುವುದಕ್ಕಿಂತ ಒಂದೂವರೆ ಪಟ್ಟಾದರೂ ದೊಡ್ಡದಿರಲಿ ಅಂದರು ಅಪ್ಪ. ಮಾರುವ ಹಿರಿಯರು ಸಜ್ಜನರು, "ಒಂದು ಗಂಟೆ ಯಾಕೆ, ಎರಡು ಗಂಟೆ ನುಡಿಸಿ" ಅಂತ ಕಾಫಿ ಕೊಟ್ಟರು. ಮಗ ನುಡಿಸಿದ. ಅಪ್ಪ ದೀಪ ಆರಿಸಿ, ಹಿಂದೆ ಕುಕ್ಕರುಗಾಲಲ್ಲಿ ಕೂತು ವಾಲ್ವುಗಳನ್ನೇ ನೋಡಿದರು. ತಗಡು ಕೆಂಪಾಗಲಿಲ್ಲ. ಗುಂಯ್ ಮಾತ್ರ ಜಾಸ್ತಿ ಇತ್ತು. ಕಂಡೆನ್ಸರುಗಳ ಲೆಕ್ಕಕ್ಕೆ 8,000 ರೂಪಾಯಿ ಮುರಿಸಿ ಕೊಂಡರು. ರಿಪೇರಿಯವರ ಹತ್ತಿರ ಅವನ್ನು ಬದಲಾಯಿಸಿದ ಮೇಲೆಯೇ ವೇದಿಕೆ ಹತ್ತಿಸಿದ್ದು.

ಆ ವರ್ಷದ ಗಣೇಶನಿಗೆ ಮೂರು ಗಂಟೆಯ ಕಾರ್ಯಕ್ರಮ. ಇದೆಲ್ಲ ಬರೀ ಗಲಾಟೆ ಅಂತ ಹಿಂದೆಂದೂ ಬಾರದ ಅಪ್ಪ ಅಂದು ಬಂದು, ಹಾಡುವವರನ್ನು ಬಿಟ್ಟು ಆ ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದರು. ಕೊನೆಯ ಹಾಡು ಮುಗಿದಾಗ "ಪರವಾಗಿಲ್ಲ, ಕಿವಿ ಇದೆ ಹುಡುಗನಿಗೆ" ಅಂದರು. ನಮ್ಮವರು ಏನೂ ಅನ್ನಲಿಲ್ಲ. ಆದರೆ ಪೆಟ್ಟಿಗೆ ಇಳಿಸಲು ತಾವೇ ಒಂದು ಕಡೆ ಕೈ ಕೊಟ್ಟರು.

ಬಳೆ ಇನ್ನೂ ಆಗಿಲ್ಲ. ಹೊಸ ಚೀಟಿ ಹಾಕಿದ್ದೇನೆ, ಆಗುತ್ತೆ. ಅಪ್ಪನನ್ನು ಮೊದಲೇ ಕೇಳಿದ್ದರೆ ಆ 45,000 ಉಳಿಯುತ್ತಿತ್ತು ಅನ್ನುವುದೊಂದೇ ಕೊರಗು. ನಿಮ್ಮ ಮನೆಯ ಜಗಲಿಯ ಮೇಲೂ ಯಾರೂ ಏನೂ ಕೇಳದ ಹಿರಿಯರು ಕೂತಿದ್ದಾರೇನೋ, ಒಮ್ಮೆ ಕೇಳಿ ನೋಡಿ.

ಮುಗಿಸುವ ಮುಂಚೆ ಇನ್ನೊಂದು ಎಚ್ಚರಿಕೆ. ಕಳೆದ ಚಳಿಗಾಲದಲ್ಲಿ ಮಗ ಮನೆಯಲ್ಲಿ ಅಭ್ಯಾಸ ಮಾಡುವಾಗ ಆಂಪ್ಲಿಫೈಯರಿನ ತಲೆ ಹಿತವಾಗಿ ಬೆಚ್ಚಗಿದೆಯಲ್ಲ ಅಂತ, ಹುದುಗು ಬರಲೆಂದು ದೋಸೆ ಹಿಟ್ಟಿನ ಪಾತ್ರೆಯನ್ನು ಅದರ ಮೇಲೆ ಇಡಲು ಹೋದೆ. ಅಪ್ಪ, ಮಗ ಇಬ್ಬರೂ ಒಟ್ಟಿಗೆ ಕಿರುಚಿಕೊಂಡರು. ಗಾಳಿಯಾಡಲು ಜಾಗ ಬೇಕಂತೆ, ಒಂದು ತೊಟ್ಟು ಬಿದ್ದರೂ ಅಪಾಯವಂತೆ. ಹಿಟ್ಟಿಗೆ ಒಲೆಯ ಪಕ್ಕವೇ ಸರಿ.